ಅಳಿಸದೆ ಬಿಟ್ಟ ಒಂದು ಫೋಟೋ

ಬೈರಮಂಗಲದ ರಾಮಲಿಂಗಯ್ಯನ ಹೆಣ ಸಿಕ್ಕಿದ್ದು ಕಾಲುವೆಯ ತೂಬಿನ ಕೆಳಗೆ. ೨೦೦೬ನೇ ಇಸವಿ ನವೆಂಬರ್ ಇಪ್ಪತ್ತೆಂಟು, ಮಂಗಳವಾರ. ಬೆಳಗ್ಗೆ ಏಳು ಗಂಟೆ.

ಮೊದಲು ನೋಡಿದವನು ಅವನ ಹೆಂಡತಿಯ ತಮ್ಮ ಮನೋಹರ್. ಬಿಡದಿ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯಲ್ಲಿ ಸೇಫ್ಟಿ ಸೂಪರ್‌ವೈಸರ್. ಸಬ್ ಇನ್ಸ್‌ಪೆಕ್ಟರ್ ಪ್ರತಿಮಾ ಬರುವಷ್ಟರಲ್ಲಿ ಎಂಟಾಗಿತ್ತು. ಮನೋಹರ್ ಏರಿಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಮೈಮೇಲೆ ಇನ್ನೂ ಕಾರ್ಖಾನೆಯ ಹಸಿರು ಜಾಕೆಟ್ಟಿತ್ತು. ಎದೆಗೆ, ಬೆನ್ನಿಗೆ ಬೆಳ್ಳಿಬಣ್ಣದ ಪಟ್ಟಿ.

"ಯಾವಾಗ ನೋಡಿದ್ದು?"

"ಈಗ ಏಳ್ಗಂಟೆಗೆ ಮೇಡಂ. ನೈಟ್ ಶಿಫ್ಟ್ ಮುಗಿಸ್ಕಂಡು ಆರೂಕಾಲಿಗೆ ಗೇಟ್ ಬುಟ್ಟೆ. ಬಿಡದೀಲಿ ಟೀ ಕುಡ್ದೆ. ಅಕ್ಕನ್ನ ನೋಡ್ಕಂಡು ಹೋಗಾನ ಅಂತ ಈ ದಾರೀಲಿ ಬಂದೆ. ನೋಡುದ್ರೆ ಬಾವ ಇಂಗೆ ಬಿದ್ದವ್ರೆ. ಓಡೋಗಿ ಅಕ್ಕಂಗೆ ಹೇಳ್ದೆ."

ತೂಬಿನ ಕಲ್ಲು ಪಾಚಿಗಟ್ಟಿತ್ತು. ನೀರಿನ ಮೇಲೆ ಮೊಣಕಾಲುದ್ದ ಬಿಳಿ ನೊರೆ. ಹೆಣದ ತಲೆಯ ಹಿಂಭಾಗದಲ್ಲಿ ಗಾಯ. ಜಾರಿ ಬಿದ್ದವನ ಹಾಗೇ ಕಾಣುತ್ತಿತ್ತು. ಆದರೆ ಬಲಗೈ ಮಣಿಕಟ್ಟಿನ ಸುತ್ತ ಬಳೆಯಂತೆ ಒಂದು ಕೆಂಪು ಗೆರೆ. ಚರ್ಮ ತರಚಿತ್ತು.

"ಇದೇನು?"

"ದಾರ ಗೀರ ಕಟ್ಕಂಡಿದ್ರೇನೋ," ಅಂದ ಮನೋಹರ್.

ಪ್ರತಿಮಾ ಅದನ್ನೂ ಮಹಜರಿನಲ್ಲಿ ಬರೆಸಿದಳು.

ಊರವರ ಬಾಯಲ್ಲಿ ಒಂದೇ ಮಾತು. ಟ್ಯಾಂಕರ್. ಮೂರು ತಿಂಗಳಿಂದ ಬೆಳಕು ಹರಿಯುವ ಮೊದಲು ಯಾರೋ ಟ್ಯಾಂಕರ್ ತಂದು ಕಾಲುವೆಗೆ ಕೆಮಿಕಲ್ ನೀರು ಬಿಡುತ್ತಿದ್ದರು. ರಾಮಲಿಂಗಯ್ಯನ ಎರಡು ಹಸು ಸತ್ತಿದ್ದವು. ಒಂದು ಕಂದು ಹಾಕಿತ್ತು. ದೂರು ಕೊಡಲು ಹೋದಾಗ ಸಾಕ್ಷಿ ಕೇಳಿದರಂತೆ. ಸಾಕ್ಷಿಗೆಂದೇ ಕ್ಯಾಮೆರಾ ಕೊಂಡಿದ್ದ.

ಕ್ಯಾಮೆರಾ ಮನೆಯಲ್ಲೇ ಇತ್ತು. ದೇವರ ಗೂಡಿನ ಪಕ್ಕದಲ್ಲಿ. ಒಳಗೆ ಒಂದೇ ಫೋಟೋ. ಅದೂ ಅವನದೇ. ಅಂದರೆ ಆ ಬೆಳಗ್ಗೆ ಅವನು ಕ್ಯಾಮೆರಾ ಒಯ್ದೇ ಇಲ್ಲ. ಪ್ರತಿಮಾ ಅದನ್ನು ಮನೆಯವರಿಗೇ ಬಿಟ್ಟಳು.

ಪೋಸ್ಟ್‌ಮಾರ್ಟಂ ವರದಿ ಬಂತು. ಶ್ವಾಸಕೋಶದಲ್ಲಿ ನೀರಿದೆ. ತಲೆಗೆ ಪೆಟ್ಟು ಬಿದ್ದಾಗ ಸತ್ತಿಲ್ಲ. ನೀರಲ್ಲಿ ಬಿದ್ದ ಮೇಲೂ ಉಸಿರಾಡಿದ್ದಾನೆ.

ಅವತ್ತೇ ಟ್ಯಾಂಕರ್ ಡ್ರೈವರ್ ಶುಕೂರನನ್ನು ಹಿಡಿದು ತಂದರು.

"ನೀರು ಬಿಟ್ಟಿದ್ದು ಹೌದು ಮೇಡಂ. ಅಲ್ಲಾನ ಮೇಲೆ ಆಣೆ, ಆ ಮನುಷ್ಯನ್ನ ನಾನು ನೋಡೇ ಇಲ್ಲ."

"ಜಾಗ ತೋರಿಸಿದೋರು ಯಾರು?"

"ಓನರ್ ಇಲ್ಲಿಗೆ ಹೋಗು ಅಂತಾರೆ. ಕಾಲುವೆ ಹತ್ರ ಮಫ್ಲರ್ ಸುತ್ಕೊಂಡು ಒಬ್ಬ ಇರ್ತಾನೆ. ಮಾತೇ ಆಡಲ್ಲ, ಕೈ ತೋರಿಸ್ತಾನೆ. ಮುಖ ನೋಡಿಲ್ಲ."

ಯಾರೂ ನಂಬಲಿಲ್ಲ.

* * *

ಹನ್ನೊಂದನೇ ದಿನದ ಕಾರ್ಯ ಮುಗಿದ ಮರುದಿನ ರಾಮಲಿಂಗಯ್ಯನ ಹೆಂಡತಿ ಮಾರಕ್ಕ ಬಸ್ಸು ಹತ್ತಿ ರಾಮನಗರಕ್ಕೆ ಬಂದಳು. ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ನಿಖಾತಳ ಫೋಟೋ ಸ್ಟುಡಿಯೋ. ಅಪ್ಪ ತೀರಿಹೋದ ಮೇಲೆ ನಿಖಾತಳೇ ನಡೆಸುತ್ತಿದ್ದಳು. ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಂ, ಈಚೆಗೆ ಡಿಜಿಟಲ್ ಕ್ಯಾಮೆರಾ ಮಾರಾಟ.

ಮಾರಕ್ಕ ಸೆರಗಿನಿಂದ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟಳು.

"ಇದ್ನ ವಾಪಸ್ ಇಟ್ಕಳವ್ವ. ಕಣ್ಮುಂದೆ ಇದ್ರೆ ಅನ್ನ ಇಳಿಯಕಿಲ್ಲ."

ನಿಖಾತ್ ವಿಷಯ ಪೂರ್ತಿ ಕೇಳಿದಳು. ಆ ಮನುಷ್ಯ ಅವಳಿಗೆ ಚೆನ್ನಾಗಿ ನೆನಪಿದ್ದ. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್. ಬಂದು ಎರಡೇ ಮಾತು ಹೇಳಿದ್ದ.

"ದೂರದಾಗಿರೋದು ಹತ್ರ ಕಾಣ್ಬೇಕು ಕಣವ್ವ. ಬೆಳಕು ಒಸಿ ಕಮ್ಮಿ ಇರ್ತದೆ."

ಅಂಥದ್ದಕ್ಕೆ ಬೇಕಾದ ಕ್ಯಾಮೆರಾ ಗಾಜಿನ ಬೀರುವಿನ ಮೇಲಿನ ಅರೆಯಲ್ಲೇ ಇತ್ತು. ಹನ್ನೆರಡು ಪಟ್ಟು ಜೂಮ್. ಸ್ವಲ್ಪ ದಪ್ಪ. ಬೆಲೆಯಲ್ಲಿ ಅಂಥ ವ್ಯತ್ಯಾಸವೂ ಇರಲಿಲ್ಲ. ನಿಖಾತ್ ಅದನ್ನು ಕೆಳಗಿಳಿಸಲೇ ಇಲ್ಲ. ಡಿಸ್ಟ್ರಿಬ್ಯೂಟರನ ಒಂದು ಸ್ಕೀಮ್ ಇತ್ತು. ತೆಳ್ಳಗಿನ ಮಾಡೆಲ್ ಐದು ಮಾರಿದರೆ ಒಂದು ಪ್ರಿಂಟರ್ ಉಚಿತ. ನಾಲ್ಕು ಮಾರಿದ್ದಳು. ಐದನೆಯವನಾಗಿ ರಾಮಲಿಂಗಯ್ಯ ಬಂದಿದ್ದ.

"ಇದು ಏಳು ಮೆಗಾಪಿಕ್ಸೆಲ್ ಯಜಮಾನ್ರೇ. ಎಷ್ಟು ದೂರದ್ದಾದರೂ ತೆಗೀರಿ. ಆಮೇಲೆ ನಾನು ಕಂಪ್ಯೂಟರಲ್ಲಿ ದೊಡ್ಡದು ಮಾಡಿ ಕೊಡ್ತೀನಿ," ಅಂದಿದ್ದಳು. ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಏನು ತೆಗೆಯಬೇಕು ಎಂದು ಕೇಳಲೂ ಇಲ್ಲ. ಯಾವುದೋ ಹಕ್ಕಿಯೋ ಬೆಟ್ಟವೋ ಇರಬೇಕು ಅಂದುಕೊಂಡಿದ್ದಳು.

"ವಾಪಸ್ ತಗೋತೀನಿ ಮಾರಕ್ಕ," ಅಂದಳು.

ಕೆಲಸ ಮಾಡುತ್ತದೆಯೇ ನೋಡೋಣವೆಂದು ಕ್ಯಾಮೆರಾ ಆನ್ ಮಾಡಿದಳು. ಅಭ್ಯಾಸಬಲದಿಂದ ಬಾಗಿಲಿನ ಕಡೆ ಹಿಡಿದು ಒಂದು ಫೋಟೋ ತೆಗೆದಳು. ಪರದೆಯ ಮೂಲೆಯಲ್ಲಿ ನಂಬರ್ ಮೂಡಿತು.

ನಲವತ್ತೆಂಟು.

ಹಿಂದಿನ ಫೋಟೋಗೆ ಹೋದಳು. ರಾಮಲಿಂಗಯ್ಯ ಇದೇ ಅಂಗಡಿಯಲ್ಲಿ ನಗುತ್ತಾ ನಿಂತಿದ್ದ. ಮಾರುವಾಗ ಅವಳೇ ತೆಗೆದ ಪರೀಕ್ಷೆಯ ಫೋಟೋ. ನಂಬರ್ ಒಂದು. ನಡುವೆ ಏನೂ ಇಲ್ಲ.

ಫೋಟೋ ಅಳಿಸಿದರೂ ಆ ಮಾಡೆಲ್ ಎಣಿಕೆ ಮರೆಯುವುದಿಲ್ಲ. ಒಂದರಿಂದ ನಲವತ್ತೆಂಟರ ನಡುವೆ ನಲವತ್ತಾರು ಫೋಟೋ. ಯಾರೋ ಅಳಿಸಿದ್ದರು.

"ಮಾರಕ್ಕ, ಅವರಿಗೆ ಫೋಟೋ ಅಳಿಸೋಕೆ ಬರ್ತಿತ್ತಾ?"

"ಅವ್ರಿಗೆಲ್ಲವ್ವ ಬತ್ತದೆ? ಗುಂಡಿ ಒತ್ತೋದು ಒಂದು ಗೊತ್ತಿತ್ತು. ಅದ್ರಲ್ಲಿ ಬರೋದೆಲ್ಲ ಇಂಗ್ಲೀಷು."

"ಯಾರನ್ನಾದರೂ ಕೇಳಿದ್ರಾ?"

"ನನ್ ತಮ್ಮ ಫ್ಯಾಕ್ಟರೀಲಿ ಇಂಥದ್ರಲ್ಲೇ ಫೋಟೋ ಹಿಡೀತಾನೆ. ಅವನ್ನ ಕೇಳಿ ಅಂದೆ. ಫ್ಯಾಕ್ಟರಿಯೋರ್ಗೆ ಗೊತ್ತಾಗೋದು ಬ್ಯಾಡ ಅಂದ್ರು." ಮಾರಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ನಿಖಾತ್ ಕ್ಯಾಮೆರಾ ತಿರುಗಿಸಿದಳು. ಪಕ್ಕದ ಕೊಂಡಿ ಖಾಲಿ.

"ಇದಕ್ಕೊಂದು ಕಪ್ಪು ದಾರ ಇತ್ತಲ್ಲ? ಕೈಗೆ ಹಾಕ್ಕೊಳ್ಳೋದು?"

"ಇತ್ತು. ಅದಿಲ್ದೆ ಕ್ಯಾಮೆರಾನೇ ಮುಟ್ತಿರ್ನಿಲ್ಲ. ನೀನೇ ಹೇಳಿದ್ಯಂತಲ್ಲ, ಕೈಗೆ ಬಿಗಿಯಾಗಿ ಸುತ್ಕಂಡೇ ಹಿಡೀಬೇಕು ಅಂತ."

ನಿಖಾತ್ ಫೋನ್ ಎತ್ತಿ ಬಿಡದಿ ಪೊಲೀಸ್ ಸ್ಟೇಷನ್ನಿನ ನಂಬರ್ ಕೇಳಿದಳು.

* * *

ಪ್ರತಿಮಾ ಮಧ್ಯಾಹ್ನ ಬಂದಳು. ಮಾರಕ್ಕ ಊರಿಗೆ ಹೋಗಿಯಾಗಿತ್ತು.

"ಅಳಿಸಿದ್ದು ವಾಪಸ್ ಬರುತ್ತಾ?"

"ಬರುತ್ತೆ ಮೇಡಂ. ಮದುವೆ ಫೋಟೋ ಅಳಿಸಿಕೊಂಡು ಅಳ್ತಾ ಬರೋರು ತಿಂಗಳಿಗೆ ಒಬ್ಬರಾದರೂ ಇರ್ತಾರೆ. ಅದಕ್ಕೇ ಒಂದು ಸಾಫ್ಟ್‌ವೇರ್ ಇಟ್ಟಿದ್ದೀನಿ. ಅಳಿಸಿದ ಮೇಲೆ ಹೊಸದು ತೆಗೀಬಾರದು ಅಷ್ಟೆ. ನಾನು ಒಂದು ತೆಗೆದುಬಿಟ್ಟೆ."

ಒಂದು ಗಂಟೆ ಹಿಡಿಯಿತು. ನಲವತ್ತೈದು ಫೋಟೋ ಬಂದವು. ಒಂದು ನಿಖಾತಳ ಅಂಗಡಿ ಬಾಗಿಲಿನ ಫೋಟೋದ ಕೆಳಗೆ ಮುಚ್ಚಿಹೋಗಿತ್ತು.

ಮೊದಲಲ್ಲಿ ಒಂದು ಕರು. ರಾಗಿ ಕೇರುತ್ತಿದ್ದ ಮಾರಕ್ಕ, ನಾಚಿಕೊಂಡು ಮುಖ ತಿರುಗಿಸಿದ್ದಳು. ಆಮೇಲೆ ಎಲ್ಲವೂ ಮಬ್ಬು ಬೆಳಕಿನವು.

ಪಂಪ್‌ಸೆಟ್ ಮನೆಯ ಬಾಗಿಲಿನಿಂದ ತೆಗೆದದ್ದು. ದೂರದಲ್ಲಿ ಟ್ಯಾಂಕರ್, ಬೆಂಕಿಪೊಟ್ಟಣದಷ್ಟು. ನಿಖಾತ್ ದೊಡ್ಡದು ಮಾಡಿದಳು. ಬೂದು ಚುಕ್ಕಿಗಳು. ಇನ್ನೂ ದೊಡ್ಡದು ಮಾಡಿದಳು. ಇನ್ನೂ ದಪ್ಪ ಚುಕ್ಕಿಗಳು.

"ನಂಬರ್ ಪ್ಲೇಟ್ ಓದೋಕಾಗಲ್ವಾ?"

"ಆಗಲ್ಲ." ನಿಖಾತ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಆಗುತ್ತೆ ಅಂತ ನಾನು ಅವರಿಗೆ ಹೇಳಿದ್ದೆ."

ಮರುದಿನದ ಫೋಟೋ. ಪಂಪ್‌ಸೆಟ್ ಮನೆ ಹಿಂದೆ ಉಳಿದಿತ್ತು. ತೆಂಗಿನ ಮರದ ಮರೆ. ಟ್ಯಾಂಕರ್ ಅಂಗೈಯಷ್ಟಾಗಿತ್ತು. ನಾಲ್ಕು ದಿನ ಬಿಟ್ಟು ಇನ್ನೊಂದು. ಈಗ ಏರಿಯ ಬುಡ. ಆಮೇಲೆ ಏರಿಯ ಮೇಲೆ. ದಿನದಿಂದ ದಿನಕ್ಕೆ ಟ್ಯಾಂಕರ್ ದೊಡ್ಡದಾಗುತ್ತಾ ಬಂತು. ಆ ಮನುಷ್ಯ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಹೋಗಿದ್ದ. ಜೂಮ್ ಮುಟ್ಟದ ದೂರವನ್ನು ಕಾಲಲ್ಲಿ ನಡೆದಿದ್ದ.

ನಿಖಾತ್ ಎದ್ದುಹೋಗಿ ಹಿಂದಿನ ಕೋಣೆಯಲ್ಲಿ ಮುಖ ತೊಳೆದುಕೊಂಡು ಬಂದಳು.

ಕೊನೆಯ ಫೋಟೋ ತೂಬಿನ ಹತ್ತಿರದ್ದು. ಟ್ಯಾಂಕರ್ ಇರಲಿಲ್ಲ. ಅದರ ದೀಪದ ಬೆಳಕೂ ಇಲ್ಲದೆ, ಮೊದಲ ಸಲ ಫ್ಲಾಶ್ ತಾನಾಗಿ ಹೊತ್ತಿಕೊಂಡಿತ್ತು. ಮಂಜಿಗೆ ಬೆಳಕು ಬಡಿದು ಎಲ್ಲ ಬೆಳ್ಳಗೆ. ಅದರ ನಡುವೆ ಬಗ್ಗಿ ನಿಂತ ಒಂದು ಆಕಾರ. ಮುಖ ಇಲ್ಲ. ಬೆನ್ನ ಮೇಲೆ ಎರಡು ಪಟ್ಟಿ ಮಾತ್ರ ಟ್ಯೂಬ್‌ಲೈಟಿನ ಹಾಗೆ ಉರಿಯುತ್ತಿದ್ದವು.

"ಫ್ಲಾಶ್ ಆರಿಸೋದು ಹೇಗೆ ಅಂತ ನಾನು ಹೇಳಿಕೊಟ್ಟಿರಲಿಲ್ಲ," ಅಂದಳು ನಿಖಾತ್. "ಕತ್ತಲಲ್ಲಿ ಇರೋರಿಗೆ ನಾನೇ ದೀಪ ಹಚ್ಚಿಕೊಟ್ಟೆ."

ಪ್ರತಿಮಾ ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. "ಟೈಮ್ ನೋಡಿ. ಜನವರಿ ಇಪ್ಪತ್ತೆರಡು, ಸಂಜೆ ಆರು ನಲವತ್ತೊಂದು. ಇದೇನಿದು?"

"ಗಡಿಯಾರ ಸೆಟ್ ಮಾಡಿರಲಿಲ್ಲ. ಅದೂ ನನ್ನದೇ ತಪ್ಪು. ಹೊಸ ಕ್ಯಾಮೆರಾ ಜನವರಿ ಒಂದರಿಂದ ಓಡೋಕೆ ಶುರು ಮಾಡುತ್ತೆ."

"ಹಾಗಾದ್ರೆ ಕೋರ್ಟಲ್ಲಿ ಇದು ಕಸ."

ನಿಖಾತ್ ಅಳಿಸದೆ ಉಳಿದಿದ್ದ ಆ ಮೊದಲ ಫೋಟೋ ತೆರೆದಳು. ನಗುತ್ತಿದ್ದ ರಾಮಲಿಂಗಯ್ಯನ ತಲೆಯ ಹಿಂದೆ ಅಂಗಡಿಯ ಗೋಡೆ. ಗೋಡೆಯ ಮೇಲೆ ಗಡಿಯಾರ. ಅದರ ಕೆಳಗೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್. ನವೆಂಬರ್ ಆರು, ಸೋಮವಾರ. ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು.

"ಇದನ್ನ ತೆಗೆದಾಗ ಕ್ಯಾಮೆರಾದ ಟೈಮ್ ಜನವರಿ ಒಂದು, ರಾತ್ರಿ ಹನ್ನೆರಡು ಗಂಟೆ ಮೂರು ನಿಮಿಷ. ನಿಜವಾದ ಟೈಮ್ ಗೋಡೆ ಮೇಲಿದೆ. ಇಲ್ಲಿಂದ ಎಣಿಸಿದರೆ ಎಲ್ಲಾ ಫೋಟೋದ ಸಮಯ ಸಿಗುತ್ತೆ."

"ಆ ಗಡಿಯಾರ ಸರಿಯಿದೆಯಾ?"

"ರೇಡಿಯೋ ವಾರ್ತೆಗೆ ದಿನಾ ಸರಿ ಮಾಡ್ತೀನಿ. ನಮ್ಮಪ್ಪ ಕಲಿಸಿದ್ದು."

ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಎಣಿಸಿದರು. ಉತ್ತರ ಒಂದೇ ಬಂತು. ಟ್ಯಾಂಕರ್ ಇದ್ದ ಕೊನೆಯ ಫೋಟೋ ನವೆಂಬರ್ ಇಪ್ಪತ್ತೆಂಟರ ಬೆಳಗ್ಗೆ ಐದು ಮೂವತ್ತೊಂದಕ್ಕೆ. ಬೆಳ್ಳಿ ಪಟ್ಟಿಯ ಫೋಟೋ ಐದು ಐವತ್ತೆಂಟಕ್ಕೆ.

ಪ್ರತಿಮಾ ಫೈಲ್ ಬಿಚ್ಚಿದಳು. ಶುಕೂರನ ಜೇಬಿನಲ್ಲಿ ಸಿಕ್ಕಿದ್ದ ತೂಕದ ಚೀಟಿ ಅದರಲ್ಲಿತ್ತು. ಬಿಡದಿ ಕೈಗಾರಿಕಾ ಪ್ರದೇಶದ ವೇಬ್ರಿಡ್ಜಿನದು. ಖಾಲಿ ಟ್ಯಾಂಕರ್, ಐದು ಐವತ್ತೆರಡು.

"ರಾಮಲಿಂಗಯ್ಯ ಬದುಕಿದ್ದಾಗಲೇ ಶುಕೂರ್ ಬಿಡದೀಲಿದ್ದ," ಅಂದಳು. "ಹತ್ತು ದಿನದಿಂದ ಅವನನ್ನ ಒಳಗೆ ಕೂರಿಸಿದ್ದೀನಿ."

* * *

"ಒಂದು ವಿಷಯ ಮೇಡಂ," ಅಂದಳು ನಿಖಾತ್. "ಎಲ್ಲಾ ಒಟ್ಟಿಗೆ ಅಳಿಸೋಕೆ ಇದರಲ್ಲಿ ಒಂದೇ ಗುಂಡಿ ಸಾಕು. ಹಾಗೆ ಮಾಡಿದ್ದರೆ ಇವರ ಫೋಟೋನೂ ಹೋಗ್ತಿತ್ತು. ಇವನು ಕೊನೆಯದರಿಂದ ಹಿಂದಕ್ಕೆ ಒಂದೊಂದೇ ನೋಡ್ತಾ ಅಳಿಸಿದ್ದಾನೆ."

"ತಾನು ಯಾವ್ಯಾವುದರಲ್ಲಿ ಇದ್ದೀನಿ ಅಂತ ನೋಡೋಕೆ."

"ಇರಬಹುದು. ಈ ಫೋಟೋ ಯಾಕೆ ಬಿಟ್ಟ?"

"ಇದರಲ್ಲಿ ಅಪಾಯ ಇಲ್ಲ ಅಂತ."

"ಕರುವಿನ ಫೋಟೋದಲ್ಲಿ ಏನು ಅಪಾಯ ಇತ್ತು? ಮಾರಕ್ಕನ ಫೋಟೋದಲ್ಲಿ? ಅವೆಲ್ಲಾ ಹೋಗಿವೆ. ಕೈ ನಿಂತಿರೋದು ಈ ಮುಖ ಬಂದಾಗ. ಹೊರಗಿನವನಿಗೆ ಇದು ಯಾರೋ ಒಬ್ಬ ರೈತನ ಮುಖ. ಇದನ್ನ ಅಳಿಸೋಕೆ ಆಗದೇ ಹೋದವನು ಇವರನ್ನ ಬಲ್ಲವನು. ಬೇಕಾದವನು."

ಪ್ರತಿಮಾ ಸ್ವಲ್ಪ ಹೊತ್ತು ಆ ಮುಖವನ್ನೇ ನೋಡಿದಳು. ಕ್ಯಾಮೆರಾ ಗೊತ್ತಿರುವ ಬೇಕಾದವನು. ದೇವರ ಗೂಡಿನವರೆಗೆ ಹೋಗಬಲ್ಲವನು. ಬೆನ್ನ ಮೇಲೆ ಬೆಳಕಿಗೆ ಉರಿಯುವ ಪಟ್ಟಿ ಇದ್ದವನು. ಏರಿಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದವನ ಹಸಿರು ಜಾಕೆಟ್ ಅವಳ ಕಣ್ಣಿಗೆ ಕಟ್ಟಿತು.

ಸಂಜೆಗೆ ಮೊದಲೇ ಅವಳು ಬಣ್ಣದ ಕಾರ್ಖಾನೆಯ ಗೇಟಿನಲ್ಲಿದ್ದಳು. ಸೆಕ್ಯೂರಿಟಿಯವನು ರಿಜಿಸ್ಟರ್ ಕೊಟ್ಟ. ನವೆಂಬರ್ ಇಪ್ಪತ್ತೆಂಟು. ಮನೋಹರ್, ಹೊರಹೋದದ್ದು ನಾಲ್ಕು ಐವತ್ತಕ್ಕೆ. ಕಾರಣದ ಕಾಲಮಿನಲ್ಲಿ ಅವನದೇ ಅಕ್ಷರ. ಹೊಟ್ಟೆನೋವು.

* * *

ಮರುದಿನ ಬಿಡದಿ ಸ್ಟೇಷನ್. ಫೋಟೋಗಳನ್ನು ವಿವರಿಸಲು ನಿಖಾತಳನ್ನೂ ಕರೆಸಿದ್ದರು. ಎಲ್ಲವನ್ನೂ ಅವಳು ಹೊಸ ಪ್ರಿಂಟರಿನಲ್ಲೇ ಪ್ರಿಂಟ್ ಹಾಕಿ ತಂದಿದ್ದಳು. ಸ್ಕೀಮಿನಲ್ಲಿ ಬಂದ ಪ್ರಿಂಟರ್.

ಮನೋಹರ್ ಎದುರಿಗೆ ಕೂತ. ಮೂವತ್ತರ ಆಸುಪಾಸು. ಕೇಶಮುಂಡನದ ತಲೆ. ಬಾವನ ಕಾರ್ಯಕ್ಕೆ ಎಲ್ಲರಿಗಿಂತ ಹೆಚ್ಚು ಓಡಾಡಿದವನು.

"ಗೇಟ್ ಬಿಟ್ಟಿದ್ದು ಎಷ್ಟೊತ್ತಿಗೆ?"

"ಆರೂಕಾಲು ಮೇಡಂ."

ಪ್ರತಿಮಾ ರಿಜಿಸ್ಟರಿನ ಪ್ರತಿ ಮುಂದಿಟ್ಟಳು. ಅವನು ಓದಿದ. ಹಾಳೆಯನ್ನು ವಾಪಸ್ ತಳ್ಳಿದ.

ಬೆಳ್ಳಿ ಪಟ್ಟಿಯ ಫೋಟೋ ಇಟ್ಟಳು.

"ಇಂಥ ಜಾಕೆಟ್ ಫ್ಯಾಕ್ಟರೀಲಿ ನೂರು ಜನ ಹಾಕ್ತಾರೆ."

"ಹಾಕ್ತಾರೆ. ಅವರ‍್ಯಾರೂ ನಿಮ್ಮಕ್ಕನ ದೇವರ ಗೂಡಿನವರೆಗೆ ಹೋಗಲ್ಲ. ಕ್ಯಾಮೆರಾ ಇದೆ ಅಂತ ಊರಿಗೆಲ್ಲಾ ಗೊತ್ತಿತ್ತು. ಕಾಣೆಯಾದರೆ ಅನುಮಾನ ಬರುತ್ತೆ. ಅದಕ್ಕೇ ವಾಪಸ್ ಇಟ್ಟೆ. ಸುದ್ದಿ ಕೇಳಿ ನಿಮ್ಮಕ್ಕ ಕಾಲುವೆ ಕಡೆ ಓಡಿದಾಗ ಮನೇಲಿ ಯಾರೂ ಇರಲಿಲ್ಲ. ನೀನು ಹಿಂದೆ ಉಳಿದೆ. ಸರಿನಾ?"

ಅವನು ತಲೆ ಅಲ್ಲಾಡಿಸಿದ. ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ.

ಪ್ರತಿಮಾ ಕೊನೆಯದಾಗಿ ನಗುತ್ತಿದ್ದ ರಾಮಲಿಂಗಯ್ಯನ ಫೋಟೋ ಇಟ್ಟಳು.

"ಇದೊಂದನ್ನ ಅಳಿಸಿದ್ದರೆ ನಮಗೆ ಟೈಮೇ ಸಿಗ್ತಿರಲಿಲ್ಲ. ಗೋಡೆ ಗಡಿಯಾರ ಇದರಲ್ಲಿತ್ತು. ಯಾಕೆ ಬಿಟ್ಟೆ?"

ಮನೋಹರ್ ಫೋಟೋ ನೋಡಿದ. ಕಣ್ಣು ಮುಚ್ಚಿಕೊಂಡ. ಮುಚ್ಚಿಕೊಂಡೇ ಹೇಳಿದ.

"ಬೆರಳು ಬರ್ನಿಲ್ಲ ಮೇಡಂ. ನನ್ನ ಐಟಿಐ ಓದ್ಸಿದ್ದು ಅವ್ರೇ."

ಆಮೇಲೆ ಎಲ್ಲ ಹೇಳಿದ. ಟ್ಯಾಂಕರಿನವರಿಗೆ ಜಾಗ ತೋರಿಸಿದ್ದು ತಾನೇ. ಕಾರ್ಖಾನೆಯ ಮೇಲಿನವರೊಬ್ಬರು ಕೇಳಿದ್ದರು. ಇಲ್ಲವೆಂದರೆ ಕೆಲಸ ಹೋಗುತ್ತದೆಂಬ ಭಯ. ಕಾಲುವೆಯ ಆ ಕಡೆ ಬಾವನ ಹೊಲವಿಲ್ಲ, ನೊರೆ ಕೆಳಕ್ಕೆ ಹರಿದುಹೋಗುತ್ತದೆ ಎಂದುಕೊಂಡಿದ್ದ. ಹಸುಗಳು ಸತ್ತ ಮೇಲೂ ನಿಲ್ಲಿಸುವ ಧೈರ್ಯ ಬರಲಿಲ್ಲ.

"ಅವತ್ತು ಟ್ಯಾಂಕರ್ ಹೋದ್ಮೇಲೆ ಪೈಪಿನ ಬಾಯ್ಗೆ ಸೊಪ್ಪು ಮುಚ್ತಿದ್ದೆ. ಹಿಂದ್ಗಡೆ ಮಿಂಚ್ದಂಗಾಯ್ತು. ತಿರುಗುದ್ರೆ ಬಾವ. ಮಫ್ಲರ್ ಕೆಳಕ್ಕೆ ಜಾರಿತ್ತು. ಅವ್ರು ಬೈನಿಲ್ಲ ಮೇಡಂ. 'ನೀನಾ ಮನೂ?' ಅಂದ್ರು. ಅಷ್ಟೇ."

"ಆಮೇಲೆ?"

"ಕ್ಯಾಮೆರಾ ಕೊಡಿ ಬಾವ ಅಂದೆ. ಕೊಡ್ನಿಲ್ಲ. ಎಳ್ದೆ. ದಾರ ಕೈಗೆ ಸುತ್ಕಂಡಿತ್ತು, ಬಿಡಕ್ಕೂ ಆಗ್ನಿಲ್ಲ ಅವ್ರಿಗೆ. ಜೋರಾಗಿ ಎಳ್ದೆ. ದಾರ ಕಿತ್ಕಂಡು ನೀರಿಗೆ ಹೋಯ್ತು. ಅವ್ರು ಹಿಂದಕ್ಕೆ ಬಿದ್ರು. ಕಲ್ಲಿಗೆ ತಲೆ ಬಡೀತು. ನೀರಿಗೆ ಉರುಳ್ಕಂಡ್ರು."

ನಿಖಾತ್ ತನ್ನ ಎರಡು ಕೈಗಳನ್ನೂ ಮೇಜಿನ ಕೆಳಗೆ ಎಳೆದುಕೊಂಡಳು.

"ಬದುಕಿದ್ದರು ಆಗ," ಅಂದಳು ಪ್ರತಿಮಾ.

"ಕೈ ಆಡುಸ್ತಿದ್ರು. ಕ್ಯಾಮೆರಾ ದಡದ ಮ್ಯಾಲೆ ಬಿದ್ದಿತ್ತು. ನಾನು ಮೊದ್ಲು ಕ್ಯಾಮೆರಾ ಎತ್ಕಂಡೆ ಮೇಡಂ. ಮೊದ್ಲು ಕ್ಯಾಮೆರಾ ಎತ್ಕಂಡೆ. ಈಗ ಎತ್ತುದ್ರೆ ಎದ್ದು ಎಲ್ರಿಗೂ ಹೇಳ್ತಾರಲ್ಲ ಅನ್ನುಸ್ತು. ನಿಂತೇ ಇದ್ದೆ. ಆಮ್ಯಾಕೆ ಕೈ ಆಡ್ನಿಲ್ಲ."

ಶುಕೂರನನ್ನು ಆ ದಿನವೇ ಕೋರ್ಟಿಗೆ ಕರೆದೊಯ್ದರು. ಕೊಲೆಯ ಆರೋಪ ಹೋಯಿತು. ಕಾಲುವೆಗೆ ವಿಷ ಬಿಟ್ಟ ಕೇಸು ಉಳಿಯಿತು. ಅದರಲ್ಲಿ ಟ್ಯಾಂಕರ್ ಓನರ್ ಮತ್ತು ಮನೋಹರನ ಮೇಲಿನವರ ಹೆಸರೂ ಸೇರಿತು. ಜೀಪು ಹತ್ತುವ ಮೊದಲು ಶುಕೂರ್ ಪ್ರತಿಮಾಳನ್ನು ಒಮ್ಮೆ ನೋಡಿದ. ಅವಳು ಬೇರೆ ಕಡೆ ನೋಡಿದಳು.

* * *

ನಾಲ್ಕು ದಿನ ನಿಖಾತ್ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಐದನೇ ದಿನ ಬೈರಮಂಗಲದ ಬಸ್ಸು ಹತ್ತಿದಳು.

ಮಾರಕ್ಕ ಕೊಟ್ಟಿಗೆಯ ಮುಂದೆ ಕೂತಿದ್ದಳು. ಒಂದೇ ಹಸು ಉಳಿದಿತ್ತು. ನಿಖಾತ್ ಪಕ್ಕದಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೇಲಿನ ಅರೆಯ ಕ್ಯಾಮೆರಾ. ಸ್ಕೀಮು. ಮೆಗಾಪಿಕ್ಸೆಲ್ಲಿನ ಸುಳ್ಳು. ಫ್ಲಾಶು. ಕೈಗೆ ಸುತ್ತಿದ ದಾರ.

"ಸರಿಯಾದ್ದು ಕೊಟ್ಟಿದ್ದರೆ ಅವರು ಪಂಪ್‌ಸೆಟ್ ಮನೆ ಬಾಗಿಲಲ್ಲೇ ಕೂತು ತೆಗೀಬಹುದಿತ್ತು ಮಾರಕ್ಕ. ಹತ್ತಿರ ಹೋಗಬೇಕಾಗಿರಲಿಲ್ಲ. ಏನು ತೆಗೀತೀರಿ ಅಂತ ಒಂದು ಮಾತು ನಾನು ಕೇಳಲಿಲ್ಲ. ನನ್ನ ಬೈದುಬಿಡಿ."

ಮಾರಕ್ಕ ಒಂದು ಹಿಡಿ ಹುಲ್ಲು ಹಸುವಿನ ಮುಂದೆ ಹಾಕಿದಳು. ಹಸು ಬಾಲ ಬೀಸುತ್ತಿತ್ತು.

"ನಿನ್ಗೆ ಗೊತ್ತಿರ್ನಿಲ್ಲ," ಅಂದಳು. "ನನ್ಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಆ ನೀರಿನ್ ವಾಸ್ನೆ ಒಂಥರಾ ಕೊಳೆತ ಬಾದಾಮಿ ಇದ್ದಂಗೆ ಕಣವ್ವ. ದಸರಾ ಟೈಮಲ್ಲಿ ನನ್ ತಮ್ಮ ಬಂದು ಬಟ್ಟೆ ಒಗ್ಯಕ್ಕೆ ಹಾಕ್ದ. ಅದೇ ವಾಸ್ನೆ. ಏನೋ ಮನೂ ಅಂದೆ. ಕಾಲಿಗೆ ಬಿದ್ದ. ಕೆಲ್ಸ ಓಯ್ತದೆ, ಬಾವಂಗೆ ಹೇಳ್ಬ್ಯಾಡ ಅಂದ. ನಾನು ಎತ್ತಾಡ್ಸಿದ್ ಕೂಸು." ಅವಳು ಮಣ್ಣಿನ ಮೇಲೆ ಕೈ ಆಡಿಸಿದಳು. "ಹಸ ಸತ್ತಾಗ್ಲೂ ಹೇಳ್ನಿಲ್ಲ. ಅವ್ರು ಕ್ಯಾಮೆರಾ ತಕಬಂದಾಗ್ಲೂ ಹೇಳ್ನಿಲ್ಲ. ನನ್ ತಮ್ಮನ್ನ ಕೇಳಿ ಅಂತ ಯಾಕಂದೆ ಗೊತ್ತಾ? ಹಂಗಾದ್ರೂ ಅವ್ರಿಗೆ ತಿಳೀಲಿ, ನನ್ ಬಾಯಿಂದ ಬರೋದು ಬ್ಯಾಡ ಅಂತ. ಬೆಳಗ್ಗೆ ಬೆಳಗ್ಗೆ ಅವ್ರು ಹೊರಟ್ರೆ ನಾನು ಮಕ್ಕಂಡಂಗೆ ಮಕ್ಕಂಡಿರ್ತಿದ್ದೆ."

ನಿಖಾತ್ ಮಾರಕ್ಕನ ಕೈ ಹಿಡಿಯಲು ಹೋಗಿ ನಿಲ್ಲಿಸಿದಳು.

ಮಾರಕ್ಕ ಎದ್ದು ಸೀರೆ ಕೊಡವಿಕೊಂಡಳು. ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು.

"ಬಿಡದಿ ಬಸ್ಸು ಎಷ್ಟೊತ್ತಿಗೆ?"

"ಈಗ ಬರಬೇಕು. ಯಾಕೆ ಮಾರಕ್ಕ?"

"ಪೊಲೀಸಮ್ಮ ನನ್ ಹೇಳ್ಕೆ ಬರ್ಕಂಡಾಗ ಇದ್ನ ನುಂಗ್ಕಂಡಿದ್ದೆ. ಬಾ, ನೀನೂ ಜೊತೇಲಿರು. ಒಬ್ಳೇ ಹೋದ್ರೆ ಮತ್ತೆ ನುಂಗ್ಕತೀನಿ."